ಭಾವನಿಗೆ ಹೇಳದೆ ವೈರು ಮುಟ್ಟಬೇಡಿ

ನಮ್ಮ ಭಾವ ಈ ಲೋಕದಲ್ಲಿ ಹೆದರುವುದು ನೆಲ ಒರೆಸುವ ಕೋಲಿಗೆ ಮಾತ್ರ. ಹಾವಿಗೆ ಹೆದರುವುದಿಲ್ಲ, ಇನ್‌ಕಮ್ ಟ್ಯಾಕ್ಸಿನವರಿಗೆ ಹೆದರುವುದಿಲ್ಲ, ನಮ್ಮಮ್ಮನಿಗೂ ಹೆದರದ ಏಕೈಕ ಅಳಿಯ ಅವರು. ಆದರೆ ಯಾರಾದರೂ ಬಕೆಟ್ಟು, ಕೋಲು ಹಿಡಿದು ಕಾರಿಡಾರಿನಲ್ಲಿ ಕಾಣಿಸಿಕೊಂಡರೆ ಸಾಕು, ಗೋಡೆಗೆ ಬೆನ್ನು ಕೊಟ್ಟು ನಿಂತುಬಿಡುತ್ತಾರೆ. ಯಾಕೆ ಅಂತೀರಾ? ಆ ಕೋಲು ತಗಲಿ ಎಲ್ಲಾದರೂ ಒಂದು ವೈರು ಕಳಚಿಕೊಂಡರೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಂಪ್ಯೂಟರು ವೈರುಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ನೋಡಿಕೊಳ್ಳುವುದು ಅಂದರೆ ಬಾಣಂತನದ ಮನೆಯಲ್ಲಿ ಕೂಸನ್ನು ನೋಡಿಕೊಳ್ಳುತ್ತಾರಲ್ಲ, ಹಾಗೆ. ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ತಣ್ಣಗಿನ ಕೋಣೆ, ಅದರೊಳಗೆ ಬೀರುಗಳ ತುಂಬ ನೀಲಿ ವೈರುಗಳು. ಒಂದೊಂದರ ಇನ್ನೊಂದು ತುದಿ ಮೇಲೆ ಯಾವುದೋ ವಾರ್ಡಿನಲ್ಲಿ, ಯಾರದೋ ಮಂಚದ ತಲೆಯ ಬಳಿ ಇರುತ್ತದೆ. ಮೊದಲೆಲ್ಲ ಯಾವ ವೈರು ಎಲ್ಲಿಗೆ ಹೋಗಿದೆ ಎಂದು ತಿಳಿಯಬೇಕಾದರೆ ಒಬ್ಬ ಮೇಲೆ ನಿಂತು ಎಳೆಯಬೇಕಿತ್ತು, ಇನ್ನೊಬ್ಬ ಕೆಳಗಿನಿಂದ ಕೂಗಬೇಕಿತ್ತು. ಈಗ ಪ್ರತಿ ವೈರಿನ ಎರಡೂ ತುದಿಗೆ ಒಂದೊಂದು ಪುಟ್ಟ ಚೀಟಿ. ಟೋಲ್‌ಗೇಟಿನಲ್ಲಿ ಕಾರಿನ ಗಾಜಿನ ಮೇಲಿನ ಚೀಟಿಯನ್ನು ದೂರದಿಂದಲೇ ಓದಿ ಗೇಟು ಎತ್ತುವುದಿಲ್ಲವೇ? ಇದು ಅದರ ತಮ್ಮ. ಆರ್‌ಎಫ್‌ಐಡಿ ಎಂದು ಹೆಸರು. ವೈರು ಸಿಕ್ಕಿಸುವ ಪ್ರತಿ ತೂತಿನ ಪಕ್ಕದಲ್ಲೂ ಒಂದು ರೀಡರ್ ಈ ಚೀಟಿಯನ್ನು ಸದಾ ಓದುತ್ತಾ ಕೂತಿರುತ್ತದೆ. ಯಾರಾದರೂ ವೈರು ಕಿತ್ತರೋ, ಭಾವನ ಮೊಬೈಲು 'ಕುಂಯ್' ಎನ್ನುತ್ತದೆ.

ಈ ಕುಂಯ್‌ಗೆ ಅಂಜಿ ಬಾಳುತ್ತಿರುವುದು ಭಾವ ಒಬ್ಬರೇ ಅಲ್ಲ, ನಮ್ಮ ಇಡೀ ಬಂಧುಬಳಗ. ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ನನ್ನ ಮಗಳ ನಾಮಕರಣ. ಭಾವ ಮಗುವನ್ನು ಎತ್ತಿಕೊಂಡು ಹೆಸರು ಹೇಳಲು ಕಿವಿಯ ಹತ್ತಿರ ಬಾಗಿದ್ದರು. ಕುಂಯ್! ಮಗುವನ್ನು ಪುರೋಹಿತರ ಮಡಿಲಿಗೆ ಹಾಕಿ ಅಂಗಳಕ್ಕೆ ಓಡಿ, ಮನೆಗೆಲ್ಲ ಕೇಳುವಂತೆ ಫೋನಿನಲ್ಲಿ ಕೂಗಿದರು.

"ಯಾರಮ್ಮ ಅದು ಮೂರನೇ ಮಹಡೀಲಿ ವೈರು ಕಿತ್ತಿದ್ದು? ನಂಗೆ ಹೇಳ್ದೆ ಯಾರೂ ಮುಟ್ಬಾರ್ದು ಅಂತ ಎಷ್ಟು ಸಲ ಬಡ್ಕೊಂಡಿದೀನಿ?"

ಆ ಕಡೆ ಇದ್ದದ್ದು ಮೇಜು ಸರಿಸಲು ಹೋದ ಪಾಪದ ನರ್ಸು. ಆ ಆಸ್ಪತ್ರೆಯ ನರ್ಸುಗಳು ದೊಡ್ಡ ಡಾಕ್ಟರಿಗಿಂತ ಹೆಚ್ಚಾಗಿ ನಮ್ಮ ಭಾವನಿಗೆ ಹೆದರುತ್ತಾರೆ. ಮಗುವಿನ ಕಿವಿಯಲ್ಲಿ ಮೊದಲು ಬಿದ್ದ ಮಾತು 'ಮೂರನೇ ಮಹಡಿ' ಎಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳಿಕೊಂಡು ನಗುತ್ತೇವೆ.

ಅಕ್ಕನ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಇವತ್ತಲ್ಲ ನಾಳೆ ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದರು. ಚೀಟಿಯ ಹುಚ್ಚು ಮನೆಗೂ ಬಂದದ್ದು ಆಗಲೇ. ಕೃಷ್ಣಮೂರ್ತಿಪುರಂನ ಆ ಪುಟ್ಟ ಮನೆಯಲ್ಲಿ ಛತ್ರಿಗೆ ಚೀಟಿ, ಬೀಗದ ಕೈಗೆ ಚೀಟಿ, ಕನ್ನಡಕದ ಡಬ್ಬಿಗೆ ಚೀಟಿ. ಅಕ್ಕನ ಮಾತ್ರೆಯ ಡಬ್ಬಿಗೆ ಮಾತ್ರ ಎರಡು. ಕೈಯಲ್ಲಿ ಹಿಡಿಯುವ ರೀಡರೊಂದನ್ನು ಕೊಂಡು ತಂದು, ಬೆಳಿಗ್ಗೆ ಎದ್ದವರೇ ಮನೆಯೆಲ್ಲ ಸುತ್ತಿ ಹಾಜರಿ ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಆ ರೀಡರೇ ಕಳೆದುಹೋಯಿತು! ಮಂಚದ ಅಡಿ, ಅಟ್ಟ, ಒಗೆಯುವ ಬಟ್ಟೆ, ಎಲ್ಲ ಹುಡುಕಿದ್ದಾಯಿತು. ಕೊನೆಗೆ ಅಕ್ಕ ಸಾರಿಗೆಂದು ಫ್ರಿಜ್ಜಿನ ಬಾಗಿಲು ತೆಗೆದರೆ ಕೊತ್ತಂಬರಿ ಸೊಪ್ಪಿನ ಪಕ್ಕ ತಣ್ಣಗೆ ಮಲಗಿತ್ತು.

"ಇದುಕ್ಕೂ ಒಂದು ಚೀಟಿ ಅಂಟಿಸ್ಬೇಕಿತ್ತು ಕಣ್ರೀ," ಎಂದಳು ಅಕ್ಕ.

"ಅದನ್ನ ಓದೋಕೆ ಇನ್ನೊಂದು ರೀಡರ್ ಬೇಕಲ್ಲ," ಎಂದರು ಭಾವ, ಗಂಭೀರವಾಗಿ. ಮಾರನೆಯ ವಾರ ಇನ್ನೊಂದು ತಂದರು.

ಇನ್ನು ಆ ಆಯುಧಪೂಜೆಯ ಕಥೆ. ನಮ್ಮ ಊರಿನಲ್ಲಿ ಆಯುಧಪೂಜೆ ಎಂದರೆ ಕೇಳಬೇಕೆ? ಸೈಕಲ್ಲಿಗೂ ಪೂಜೆ, ಹೊಲಿಗೆ ಯಂತ್ರಕ್ಕೂ ಪೂಜೆ. ಮಧ್ಯಾಹ್ನ ನಾವೆಲ್ಲ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಭಾವ ಹೋಳಿಗೆ ಮುರಿದು ತುಪ್ಪಕ್ಕೆ ಅದ್ದುವಷ್ಟರಲ್ಲಿ ಕುಂಯ್. ಅದರ ಹಿಂದೆಯೇ ಇನ್ನೊಂದು ಕುಂಯ್, ಮತ್ತೊಂದು, ನಿಲ್ಲುವುದೇ ಇಲ್ಲ! ಒಂದು ಬೀರುವಿನ ವೈರುಗಳೆಲ್ಲ ಒಟ್ಟಿಗೆ ನಾಪತ್ತೆ ಎಂದು ಫೋನು ಹೇಳುತ್ತಿತ್ತು. ಭಾವ ಎಂಜಲು ಕೈಯಲ್ಲೇ ಸ್ಕೂಟರು ಹತ್ತಿದರು. ದಸರಾ ಜನಜಂಗುಳಿಯಲ್ಲಿ ಹೇಗೆ ನುಗ್ಗಿದರೋ ಚಾಮುಂಡಿಯೇ ಬಲ್ಲಳು. ಹೋಗಿ ನೋಡಿದರೆ ಒಂದು ವೈರೂ ಕದಲಿರಲಿಲ್ಲ. ಸಿಬ್ಬಂದಿಯವರು ಭಕ್ತಿಯಿಂದ ಬೀರುವಿಗೆ ಅರಿಶಿನ ಕುಂಕುಮವಿಟ್ಟು, ವೈರುಗಳ ಸಾಲಿನುದ್ದಕ್ಕೂ ಫಳಫಳ ಹೊಳೆಯುವ ಬೆಳ್ಳಿ ತಗಡಿನ ಕಾಗದವನ್ನು ಒತ್ತೊತ್ತಾಗಿ ಸುತ್ತಿದ್ದರು. ತಗಡು ಅಡ್ಡ ಬಂದರೆ ರೇಡಿಯೋ ಅಲೆ ದಾಟುವುದಿಲ್ಲ, ರೀಡರಿಗೆ ಚೀಟಿ ಕಾಣುವುದಿಲ್ಲ. ಭಾವ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತರಂತೆ. ಮಂಗಳಾರತಿ ತಟ್ಟೆ ಹಿಡಿದಿದ್ದವನು ಕೇಳಿದನಂತೆ, "ಪೂಜೆ ಮಾಡುದ್ರೆ ವೈರೇ ಮಾಯ ಆಗ್ಬುಡ್ತಾವಾ ಸಾ?"

ಆಮೇಲಿನ ವರ್ಷದಿಂದ ಆ ಕೋಣೆಗೆ ಸೇವಂತಿಗೆ ಹೂವು ಮಾತ್ರ. ಅದೂ ನೀರು ಚಿಮುಕಿಸದ ಸೇವಂತಿಗೆ.

ಕೊನೆಗೂ ಅಕ್ಕನ ಆಪರೇಷನ್ ನಿಗದಿಯಾಯಿತು, ಭಾವನ ಆಸ್ಪತ್ರೆಯಲ್ಲೇ. ಭಾವ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿಕೊಂಡರು, ಬೇರೆಯವರ ಚಪ್ಪಲಿ ಹಾಕಿಕೊಂಡು ಆಫೀಸಿಗೆ ಹೋದರು. ಡಾಕ್ಟರು ಅಪಾಯಗಳನ್ನೆಲ್ಲ ವಿವರಿಸಿ "ಏನಾದ್ರೂ ಕೇಳೋದಿದೆಯಾ?" ಎಂದಾಗ ಇವರು ಕೇಳಿದ್ದು ಒಂದೇ ಪ್ರಶ್ನೆ, "ಐಸಿಯುನಲ್ಲಿ ಯಾವ ಬೆಡ್ಡು?" ಡಾಕ್ಟರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

ಒಳಗೆ ಕರೆದುಕೊಂಡು ಹೋಗುವಾಗ ಅಕ್ಕ ನಕ್ಕಳು. "ನಂಗೂ ಒಂದು ಚೀಟಿ ಅಂಟಿಸ್ಬುಡಿ ಕಣ್ರೀ. ಎಲ್ಲೋದ್ರೂ ಕುಂಯ್ ಅನ್ಲಿ."

ಭಾವ ನಗಲಿಲ್ಲ.

ಆಪರೇಷನ್ ಆಯಿತು. ಬೆಳಿಗ್ಗೆ ಎಚ್ಚರವಾಗುತ್ತದೆ ಎಂದಿದ್ದರು. ಬೆಳಗಾಯಿತು, ಹೊತ್ತು ಏರಿತು, ಎಚ್ಚರವಾಗಲಿಲ್ಲ. ಕೇಳಿದಾಗಲೆಲ್ಲ 'ಕಾಯೋಣ' ಎನ್ನುತ್ತಿದ್ದರು. ಐಸಿಯು ಹೊರಗಿನ ಬೆಂಚಿನಲ್ಲಿ ನಾನೊಬ್ಬಳೇ. ಭಾವ ಎಲ್ಲಿ? ಹೆಂಡತಿ ಈ ಸ್ಥಿತಿಯಲ್ಲಿರುವಾಗಲೂ ಇವರಿಗೆ ಡ್ಯೂಟಿಯೇ? ನನಗೆ ಮೈಯೆಲ್ಲ ಉರಿದುಹೋಯಿತು. ಸೆಕ್ಯೂರಿಟಿಯವನನ್ನು ಕೇಳಿದೆ. "ವೈರ್ ಸಾರಾ? ಕೆಳಗವ್ರೆ ಕಣಮ್ಮ."

ಬೈಯಲೆಂದೇ ಮೆಟ್ಟಿಲಿಳಿದು ಹೋದೆ. ಭಾವ ಒಂದು ಬೀರುವಿನ ಮುಂದೆ ಸ್ಟೂಲು ಹಾಕಿಕೊಂಡು, ಕೈಕಟ್ಟಿ ಕೂತಿದ್ದರು. ಎದುರಿಗೆ ಒಂದು ನೀಲಿ ವೈರು, ಅದರ ಪಕ್ಕ ಮಿಣುಕುವ ಹಸಿರು ದೀಪ.

"ಐಸಿಯು ಒಳಗೆ ಕೂರೋಕೆ ಬಿಡಲ್ಲ," ಎಂದರು, ನನ್ನ ಕಡೆ ತಿರುಗದೆ. "ಇದರ ಆ ತುದೀಲಿ ಅವಳಿದಾಳೆ. ಅವಳ ಎದೆಬಡಿತ ನರ್ಸಮ್ಮನ ಟೇಬಲ್ಲಿಗೆ ಹೋಗೋದು ಇದರಲ್ಲೇ."

ಬೈಯಲು ಬಂದದ್ದೇ ಮರೆತುಹೋಯಿತು. ನಾನೂ ಪಕ್ಕದಲ್ಲಿ ನಿಂತು ಆ ದೀಪವನ್ನೇ ನೋಡತೊಡಗಿದೆ. ಎಷ್ಟು ಹೊತ್ತಾಯಿತೋ ತಿಳಿಯದು.

ಕುಂಯ್.

ದೀಪ ಆರಿತು. ಜೀವಮಾನವೆಲ್ಲ ಆ ಸದ್ದಿಗೆ ನಕ್ಕವಳು ನಾನು. ಈಗ ಬೀರುವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಭಾವ ಏಳಲಿಲ್ಲ. ಫೋನು ರಿಂಗಾಯಿತು. ಅವರು ಎತ್ತಲಿಲ್ಲ, ನಾನೇ ಒತ್ತಿ, ಸ್ಪೀಕರಿಗೆ ಹಾಕಿದೆ.

"ಸರ್, ಬೈಬೇಡಿ ಸರ್," ಎಂದಿತು ನರ್ಸಿನ ಹೆದರಿದ ದನಿ. "ಮೇಡಂಗೆ ಎಚ್ಚರ ಆಗಿದೆ. ಉಸಿರಿನ ಟ್ಯೂಬ್ ತೆಗೀಬೇಕು, ಹಾಸಿಗೆ ಮುಂದಕ್ಕೆ ಎಳೆಯೋಕೆ ಆ ವೈರು ಅಡ್ಡ ಬರ್ತಿತ್ತು. ನಿಮಗೆ ಹೇಳ್ದೆ ತೆಗೆದ್ಬಿಟ್ವಿ. ಈಗ ಹಾಕ್ತೀವಿ ಸರ್."

ಭಾವ ಫೋನಿನ ಕಡೆ ಬಾಗಿದರು.

"ತೆಗೀರಮ್ಮ," ಎಂದರು. "ಬೇಕಾದಾಗೆಲ್ಲ ತೆಗೀರಿ. ನನ್ನ ಕೇಳೋದೇನೂ ಬೇಡ."

ಕಣ್ಣು ಒರೆಸಿಕೊಂಡು ಎದ್ದವರೇ ಬಾಗಿಲು ತೆರೆದರು. ಹೊರಗೆ ನೆಲ ಒರೆಸುವ ಹೆಂಗಸು ಕೋಲು ಹಿಡಿದು ನಿಂತಿದ್ದಳು. ಭಾವ ಅವಳ ಬಕೆಟ್ಟನ್ನು ದಾಟಿ, ಬಾಗಿಲನ್ನು ಹಾಗೇ ಬಿಟ್ಟು, ಮೆಟ್ಟಿಲು ಹತ್ತಿ ಓಡಿದರು.

"ಒಳೀಕೆ ಒರುಸ್ಲಾ ಅಮ್ಮ?" ಎಂದಳು ಅವಳು.

ಹಸಿರು ದೀಪ ಮತ್ತೆ ಮಿಣುಕುತ್ತಿತ್ತು. ನಾನು ಎರಡೂ ಕೈ ಚಾಚಿ ಆ ಬೀರುವಿಗೆ ಅಡ್ಡ ನಿಂತೆ.

"ಬೇಡ ಕಣಮ್ಮ," ಎಂದೆ. "ಇವತ್ತು ಬೇಡ."