ಸೆಲ್ ಬೇಡದ ಊರುಗೋಲು

ನನ್ನ ಸೋದರಮಾವನಿಗೆ ಈ ಪ್ರಪಂಚದಲ್ಲಿ ಇಬ್ಬರೇ ಶತ್ರುಗಳು. ಒಬ್ಬ, ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವ ಟ್ಯೂಬ್‌ಲೈಟು. ಇನ್ನೊಬ್ಬ, ಪೆನ್ಸಿಲ್ ಸೆಲ್ಲು. ಮೊದಲನೆಯವನನ್ನು ಕಂಡಲ್ಲೇ ಆರಿಸುತ್ತಿದ್ದರು, ಎರಡನೆಯವನನ್ನು ಮನೆಯೊಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಜಯನಗರದ ಆ ಮನೆಯಲ್ಲಿ ಗೋಡೆ ಗಡಿಯಾರಕ್ಕೆ ಕೀ ಕೊಡಬೇಕಿತ್ತು. ಟಿವಿ ರಿಮೋಟಂತೂ ಬಂದ ದಿನವೇ ಡಬ್ಬ ಸೇರಿತ್ತು. "ಸೆಲ್ ಅನ್ನೋದು ಸೋಮಾರಿಗಳಿಗೆ. ಬೆಳಕಿದೆ, ನಿನ್ನ ಕೈಕಾಲಿದೆ. ಅದರಿಂದಲೇ ಕರೆಂಟ್ ತೆಗೆಯೋಕಾಗಲ್ವಾ?" ಎನ್ನುತ್ತಿದ್ದರು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಅರ್ಧ ಆಯಸ್ಸು ಕಳೆದು ಸ್ವಯಂ ನಿವೃತ್ತಿ ಪಡೆದವರು. ಅವರಿಗೆ ಎದುರು ಹೇಳುವವರು ಯಾರು? ಅತ್ತೆ ಹೇಳುತ್ತಿದ್ದರು. ಆದರೆ ಒಂಬತ್ತೂವರೆಗೆ ಬ್ಯಾಂಕಿಗೆ ಹೊರಟುಬಿಡುತ್ತಿದ್ದರು.

ಹಗಲೆಲ್ಲ ಮನೆಯಲ್ಲಿ ಮಾವ ಮತ್ತು ಅವರ ತಾಯಿ, ಅಂದರೆ ನನ್ನ ಅಜ್ಜಿ, ಇಬ್ಬರೇ. ಎಂಬತ್ತು ದಾಟಿದ ಅಜ್ಜಿಗೆ ಊರುಗೋಲು ಹಿಡಿದು ಆರು ಕೋಣೆಗಳನ್ನೂ ದಿನಕ್ಕೆ ಹತ್ತು ಸಲ ಸುತ್ತುವುದೇ ಸಂಭ್ರಮ. ಹೊಸ ಶತಮಾನ ಶುರುವಾದ ಹೊಸತರಲ್ಲಿ ಒಂದು ದಿನ ಅವರು ಉಗ್ರಾಣದಲ್ಲಿ ಜಾರಿಬಿದ್ದರು. ಮಾವ ಮುಂದಿನ ಕೋಣೆಯಲ್ಲಿ ರೇಡಿಯೊ ಹಾಕಿಕೊಂಡು ಏನೋ ಬೆಸುಗೆ ಹಾಕುತ್ತಿದ್ದರಂತೆ. ಅರ್ಧ ಗಂಟೆ ಗೊತ್ತೇ ಆಗಲಿಲ್ಲ. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ನಾನು ನೋಡಲು ಹೋದಾಗ ಮಾವ ಹೇಳಿದ್ದು ಒಂದೇ ಮಾತು: "ಕೂಗಿದ್ರಂತೆ ಕಣೇ. ನನಗೆ ಕೇಳಿಸಲೇ ಇಲ್ಲ."

ನನ್ನಮ್ಮ ಬಿಟಿಎಂ ಲೇಔಟಿನಿಂದ ಆಟೋ ಹಿಡಿದು ಬಂದು ಅಣ್ಣನ ಎದುರು ನಿಂತಳು.

"ಅಮ್ಮನ ಹಿಂದೆ ಓಡಾಡೋಕೆ ಯಾರನ್ನಾದ್ರೂ ಇಡು. ಇಲ್ಲಾಂದ್ರೆ ನಾನು ಕರ್ಕೊಂಡು ಹೋಗ್ತೀನಿ."

ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಅಲ್ಲಿ ಅಜ್ಜಿಯ ಪ್ರದಕ್ಷಿಣೆ ಹನ್ನೊಂದು ಹೆಜ್ಜೆಗೆ ಮುಗಿದುಹೋಗುತ್ತಿತ್ತು.

"ಬಚ್ಚಲಿಗೆ ಹೋದ್ರೂ ಬಾಗಿಲಲ್ಲಿ ಒಬ್ಬಳು ನಿಂತಿರ್ಬೇಕಾ? ನಾನೇನು ಕಳ್ಳತನ ಮಾಡಿದೀನಾ?" ಎಂದರು ಅಜ್ಜಿ. ಆಮೇಲೆ ಸಣ್ಣ ದನಿಯಲ್ಲಿ, "ನನ್ನ ಮನೇಲಿ ನನ್ನ ಪಾಡಿಗೆ ಓಡಾಡ್ಕೊಂಡಿರ್ತೀನಿ, ಅಷ್ಟು ಬಿಡ್ರೇ" ಎಂದರು.

ಮಾವ ಎರಡು ತಿಂಗಳ ಗಡುವು ಕೇಳಿದರು. ಅಜ್ಜಿ ಯಾವ ಕೋಣೆಯಲ್ಲಿದ್ದಾರೆ ಎಂಬುದನ್ನು ಯಾರೂ ಹಿಂದೆ ಹೋಗದೆ ತಿಳಿಸುವ ಯಂತ್ರ ಮಾಡುತ್ತಾರಂತೆ. ಸೆಲ್ ಇಲ್ಲದೆ! ಆ ಎರಡು ತಿಂಗಳು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯವರೂ ಅವರನ್ನು ಕಂಡರೆ ಒಳಗೆ ಸರಿಯುತ್ತಿದ್ದರಂತೆ, ಹಾಗೆಂದು ಅತ್ತೆ ಹೇಳುತ್ತಾರೆ.

ಹಾಲ್‌ನ ಗೋಡೆಯ ಮೇಲೆ ಒಂದು ಹಲಗೆ ಬಂತು. ಅದರಲ್ಲಿ ಕೋಣೆಗೊಂದರಂತೆ ಆರು ಪುಟ್ಟ ಕೆಂಪು ದೀಪ. ಪ್ರತಿ ಕೋಣೆಯ ಮೂಲೆಯಲ್ಲೂ ಒಂದೊಂದು ಡಬ್ಬಿ. ಅಜ್ಜಿಯ ಸೆರಗಿಗೆ ಒಂದು ಬಿಲ್ಲೆ, ಅದರ ಮೇಲೆ ಹಳೆಯ ಕ್ಯಾಲ್ಕುಲೇಟರಿನಿಂದ ಕಿತ್ತ ಸೋಲಾರ್ ಪಟ್ಟಿ. ಕೋಣೆಯ ಬೆಳಕು ಕುಡಿದು ಬಿಲ್ಲೆ ಸಣ್ಣಗೆ ಸಂಕೇತ ಕಳಿಸುತ್ತದೆ. ಯಾವ ಡಬ್ಬಿಗೆ ಅದು ಜೋರಾಗಿ ಕೇಳಿಸುತ್ತದೋ ಆ ಕೋಣೆಯ ದೀಪ ಉರಿಯುತ್ತದೆ. ಎಷ್ಟು ಸರಳ ನೋಡಿ!

ಮೊದಲ ದಿನವೇ ಎಡವಟ್ಟಾಯಿತು. ಮಡಿಯಲ್ಲಿದ್ದಾಗ ಪ್ಲಾಸ್ಟಿಕ್ ಬಿಲ್ಲೆ ಮುಟ್ಟುವುದಿಲ್ಲ ಎಂದರು ಅಜ್ಜಿ. ಮಾವ ಅದಕ್ಕೆ ರೇಷ್ಮೆ ಬಟ್ಟೆಯ ಚೀಲ ಹೊಲಿಸಿದರು. ಮಡಿಯೇನೋ ಉಳಿಯಿತು, ಚೀಲದೊಳಗೆ ಬೆಳಕು ಹೋಗಲಿಲ್ಲ. ಸರಿ, ಪೂಜೆ ಮುಗಿಯುವವರೆಗೆ ಬಿಲ್ಲೆಗೆ ರಜೆ ಎಂದಾಯಿತು.

ಎರಡನೆಯ ದಿನದ್ದು ಇನ್ನೂ ಚೆಂದ. ಅಜ್ಜಿ ಕಿಟಕಿಯಿಲ್ಲದ ನಡುಕೋಣೆಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಮಾವ ಅಲ್ಲಿಗೆ ಹೋಗಿ ಬಿಲ್ಲೆ ಪರೀಕ್ಷಿಸಿ ಹೊರಬಂದರು. ಬಂದು ಹಲಗೆ ನೋಡಿದರೆ ಆರೂ ದೀಪ ಆರಿವೆ! ಬಚ್ಚಲು, ಉಗ್ರಾಣ, ಹಿತ್ತಲು, ಎಲ್ಲ ಕಡೆ "ಅಮ್ಮ, ಅಮ್ಮ" ಎಂದು ಪಂಚೆ ಎತ್ತಿಕಟ್ಟಿಕೊಂಡು ಓಡಿದರು. ಕೊನೆಗೆ ನಡುಕೋಣೆಯ ಕತ್ತಲಿನಿಂದ ದನಿ ಬಂತು.

"ಇಲ್ಲೇ ಇದೀನಿ ಕಣೋ. ಹೋಗ್ತಾ ಸ್ವಿಚ್ ಆರಿಸಿದ್ದು ಯಾರು?"

ಜೀವಮಾನದ ಅಭ್ಯಾಸ, ಕೈ ಕೇಳಬೇಕಲ್ಲ! ಆ ಗಳಿಗೆಯಿಂದ ಆ ಮನೆಯಲ್ಲಿ ಹಾಡಹಗಲಲ್ಲೂ ಆರು ಟ್ಯೂಬ್‌ಲೈಟು ಉರಿಯತೊಡಗಿದವು. ಮಾವ ಒಂದೊಂದರ ಕೆಳಗೂ ಹಲ್ಲು ಕಚ್ಚಿಕೊಂಡು ಓಡಾಡಿದರು. ಸಂಜೆ ಬ್ಯಾಂಕಿನಿಂದ ಬಂದ ಅತ್ತೆ ಬಾಗಿಲಲ್ಲೇ ನಿಂತು ನೋಡಿದರು.

"ಏನ್ರೀ ಇದು, ಮದುವೆ ಮನೆ ಥರ? ಒಂದು ಸೆಲ್ ಉಳಿಸೋಕಾ?"

ಮಾವ ಬಿಲ್ಲೆಯನ್ನು ಬಿಚ್ಚಿಟ್ಟರು.

ಮುಂದಿನದು ಊರುಗೋಲಿನ ಅವತಾರ. ಕೋಲಿನ ಬುಡದಲ್ಲಿ ಸ್ಪ್ರಿಂಗು, ಅಯಸ್ಕಾಂತ, ತಾಮ್ರದ ಸುರುಳಿ. ಒಮ್ಮೆ ಊರಿದರೆ ಅಷ್ಟಿಷ್ಟು ಕರೆಂಟು ಹುಟ್ಟಿ ಸಂಕೇತ ಹೋಗುತ್ತದೆ. ಬೆಳಕೂ ಬೇಡ, ಮಡಿಯ ತಕರಾರೂ ಇಲ್ಲ, ಏಕೆಂದರೆ ಅಜ್ಜಿಯ ಕೋಲು ಮೊದಲಿನಿಂದಲೂ ಮಡಿ. ನಡೆದಲ್ಲೆಲ್ಲ ದೀಪ ಹಿಂಬಾಲಿಸಿತು. ಅಜ್ಜಿಗೂ ಅದು ಹಿಡಿಸಿತು.

ಒಂದೇ ತೊಂದರೆ. ಎರಡು ನಿಮಿಷ ಕೋಲು ಊರದಿದ್ದರೆ ದೀಪ ಆರುತ್ತಿತ್ತು.

"ಆರಲೇಬೇಕು. ಇಲ್ಲಾಂದ್ರೆ ಬಿದ್ದಿದ್ದಾರೆ ಅಂತ ನನಗೆ ಗೊತ್ತಾಗೋದು ಹೆಂಗೆ?" ಎನ್ನುತ್ತಿದ್ದರು ಮಾವ. ಆದರೆ ಕೂತವರೆಲ್ಲ ಬಿದ್ದವರೇ? ಆ ಯಂತ್ರಕ್ಕೆ ಎರಡೂ ಒಂದೇ. ಅಜ್ಜಿ ಕೂತರೆ ಮಾವ ಎದ್ದು ಓಡುತ್ತಿದ್ದರು. ತಟ್ಟೆಯ ಮುಂದಿನಿಂದ ಓಡಿದರು, ಅರ್ಧ ಗಡ್ಡ ಹೆರೆದುಕೊಂಡು ಓಡಿದರು. ಒಂದು ಮಧ್ಯಾಹ್ನ ತೂಕಡಿಸುತ್ತಿದ್ದ ಅಜ್ಜಿಯನ್ನು ಅಲುಗಾಡಿಸಿ, "ಅಮ್ಮ, ನಿದ್ದೆ ಮಾಡ್ತಿದ್ದೀಯಾ?" ಎಂದು ಕೇಳಿದರು. "ಮಾಡ್ತಿದ್ದೆ" ಎಂದರು ಅಜ್ಜಿ. ಹೀಗೆ ಓಡಿ ಓಡಿ ಮಾವನ ಹೊಟ್ಟೆಯೇ ಕರಗಿಹೋಯಿತು. ನಗುತ್ತಿದ್ದ ನಮಗೂ ಅವರ ಮುಖ ನೋಡಿದರೆ ಸಂಕಟವಾಗುತ್ತಿತ್ತು.

ಗಡುವಿನ ಕೊನೆಯ ಭಾನುವಾರ ಅಮ್ಮ ತೀರ್ಪು ಹೇಳಲು ನನ್ನನ್ನೂ ಕರೆದುಕೊಂಡು ಬಂದಳು. ಅಜ್ಜಿ ಬೇಗ ಊಟ ಮುಗಿಸಿ ಉಗ್ರಾಣಕ್ಕೆ ತಾಗಿದ ಹಿತ್ತಲ ಜಗಲಿಗೆ ಹೋಗಿದ್ದರು. ಒಳಗೆ ಮಾವ ಹಲಗೆಗೆ ಎದುರಾಗಿ ಊಟಕ್ಕೆ ಕೂತಿದ್ದರು. ಹಿಂದಿನ ವಾರ ಕೋಲಿಗೊಂದು ದೊಡ್ಡ ಕೆಪಾಸಿಟರ್ ಹಾಕಿದ್ದರಂತೆ. ಅದು ಅಜ್ಜಿ ನಡೆದಾಗಿನ ಕರೆಂಟನ್ನು ಕೂಡಿಟ್ಟುಕೊಂಡು, ಕೂತಾಗಲೂ ಸಂಕೇತ ಕಳಿಸುತ್ತದಂತೆ, ಕೋಲು ಅಡ್ಡ ಬಿದ್ದರೆ ಮಾತ್ರ ನಿಲ್ಲುತ್ತದಂತೆ.

ನಾನು ಬೇಗ ಕೈ ತೊಳೆದು ಅಜ್ಜಿಯ ಬಳಿ ಹೋಗಿ ಕೂತೆ. ಮೊರದ ತುಂಬ ಅವರೆಕಾಯಿ. ಅಜ್ಜಿ ನಾಲ್ಕು ಕಾಯಿ ಸುಲಿಯುವರು, ಪಕ್ಕದಲ್ಲಿ ಒರಗಿಸಿದ್ದ ಊರುಗೋಲು ತೆಗೆದುಕೊಂಡು ನೆಲಕ್ಕೆ ಎರಡು ಸಲ ಕುಟ್ಟುವರು, ಮತ್ತೆ ನಾಲ್ಕು ಕಾಯಿ ಸುಲಿಯುವರು.

"ಯಾಕಜ್ಜಿ ಕುಟ್ತಿದೀರಾ?"

"ಮೆಲ್ಲಗೆ ಮಾತಾಡೇ" ಎಂದು ಅಜ್ಜಿ ಬಾಗಿಲ ಕಡೆ ನೋಡಿದರು. "ಅದೇನೋ ಹೊಸದಾಗಿ ಹಾಕಿದಾನಲ್ಲ, ಅದೂ ಎರಡು ನಿಮಿಷಕ್ಕೇ ನಿಲ್ಲುತ್ತೆ. ದೀಪ ಆರಿದ್ರೆ ಅನ್ನ ಬಿಟ್ಟು ಎದ್ದು ಬರ್ತಾನೆ. ಅವತ್ತು ನಾನು ಕೂಗಿದ್ದು ಕೇಳಿಸಲಿಲ್ಲ ಅಂತ ಇವತ್ತಿಗೂ ಕೊರಗ್ತಾನೆ ಕಣೇ. ಇದಾದ್ರೂ ಕೇಳಿಸ್ಲಿ."

ಒಳಗಿನಿಂದ ಮಾವನ ದನಿ ಕೇಳಿಸಿತು. "ನೋಡಿದ್ಯೇನೇ, ಹತ್ತು ನಿಮಿಷದಿಂದ ಕೂತಿದ್ದಾರೆ, ದೀಪ ಆರಿಲ್ಲ. ಕೆಪಾಸಿಟರ್ ಅಂದ್ರೆ ಇದು."

"ಆಯ್ತು ಬಿಡಣ್ಣ, ಅಮ್ಮ ಇಲ್ಲೇ ಇರ್ಲಿ" ಎಂದಳು ಅಮ್ಮ.

"ಇನ್ನೂ ಸ್ವಲ್ಪ ಅನ್ನ ಹಾಕು" ಎಂದು ಮಾವ ಅತ್ತೆಗೆ ಹೇಳಿದರು. ಅವರು ಎರಡನೇ ಸಲ ಅನ್ನ ಹಾಕಿಸಿಕೊಂಡು ಎಷ್ಟು ದಿನವಾಗಿತ್ತೋ! ಅಜ್ಜಿಯ ಎರಡೂ ಕೈಗಳು ಮೊರದಲ್ಲಿದ್ದವು. ನಾನೇ ಊರುಗೋಲು ಎತ್ತಿ ನೆಲಕ್ಕೆ ಎರಡು ಸಲ ಕುಟ್ಟಿದೆ.