ಮುಟ್ಟದೆ ಬರುವ ನೀರು

ನಮ್ಮ ಕಾಕಾಗೆ ಕಿವಿ ಮಂದ ಎಂದು ಯಾರಾದರೂ ಹೇಳಿದರೆ ನೀವು ನಂಬಬೇಡಿ. ಎದುರಿಗೇ ಕುಳಿತು ಮಾತಾಡಿದ್ದು ಅವರಿಗೆ ಕೇಳಿಸದೆ ಹೋಗಬಹುದು, ಅದು ಬೇರೆ ವಿಷಯ. ಆದರೆ ಮೂರು ಮನೆಯಾಚೆ ಯಾರದೋ ಬಚ್ಚಲಲ್ಲಿ ನಳ ತೊಟ್ಟಿಕ್ಕುತ್ತಿದ್ದರೆ ಊಟದ ತಟ್ಟೆ ಬಿಟ್ಟು ಎದ್ದು ಹೋಗುತ್ತಾರೆ! ಪರಿಚಯ ಇದ್ದವರ ಮನೆ, ಇಲ್ಲದವರ ಮನೆ ಎಂಬ ಭೇದ ಅವರಲ್ಲಿಲ್ಲ. ಬಾಗಿಲು ತಟ್ಟುತ್ತಾರೆ, ಒಳಗೆ ಹೋಗುತ್ತಾರೆ, ನಳ ಬಿಗಿ ಮಾಡುತ್ತಾರೆ, ಬರುತ್ತಾರೆ. ನಮ್ಮ ಸುರಪುರದ ರಂಗಂಪೇಟೆಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ಸಲ ಗಾಬರಿಯಾಗುತ್ತಾರೆ. ಎರಡನೇ ಸಲ ಚಹಾ ಕೊಡುತ್ತಾರೆ.

ಇದಕ್ಕೆ ಕಾರಣ ಅವರ ನೌಕರಿ. ಮೂವತ್ತು ವರ್ಷ ಅವರು ಮಾಡಿದ್ದು ಊರಿಗೆ ನೀರು ಬಿಡುವ ಕೆಲಸ. ಓಣಿ ಓಣಿಗೆ ಸೈಕಲ್ಲಿನಲ್ಲಿ ಹೋಗಿ, ರಸ್ತೆಯೊಳಗಿನ ಗುಂಡಿಯ ಮುಚ್ಚಳ ತೆಗೆದು, ಉದ್ದನೆಯ ಕಬ್ಬಿಣದ ಕೀಲಿ ಇಳಿಬಿಟ್ಟು ವಾಲ್ವ್ ತಿರುವಬೇಕು. ಆಗ ಆ ಓಣಿಗೆ ನೀರು. ಹೀಗಾಗಿ ಮದುವೆ ಪತ್ರಿಕೆ ಮೊದಲು ಮನೆದೇವರಿಗೆ ಹೋಗುತ್ತಿತ್ತು, ಎರಡನೆಯದು ನಮ್ಮ ಕಾಕಾಗೆ. ನಿವೃತ್ತರಾಗಿ ಕೀಲಿ ಒಪ್ಪಿಸಿ ಬಂದರು. ಕೈ ಮಾತ್ರ ಇನ್ನೂ ಏನನ್ನಾದರೂ ತಿರುವಲು ಹುಡುಕುತ್ತಲೇ ಇತ್ತು. ಅಂಗಿಯ ಜೇಬಿನಲ್ಲಿ ನಾಲ್ಕು ವಾಷರು, ಚೀಲದಲ್ಲಿ ನಟ್ಟು ಬಿಗಿಯುವ ಒಂದು ಪಾನಾ ಇಲ್ಲದೆ ಅವರು ಹೊಸ್ತಿಲು ದಾಟಿದವರಲ್ಲ.

ನನ್ನ ನಿಶ್ಚಯದ ದಿನವೂ ದಾಟಲಿಲ್ಲ. ನನ್ನ ಗಂಡನ ಮನೆಯವರು ಆಗ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿದ್ದರು. ಹಿರಿಯರೆಲ್ಲ ಜಮಖಾನೆಯ ಮೇಲೆ ಕುಳಿತಾಗಿತ್ತು, ಎಲೆಅಡಿಕೆ ತಟ್ಟೆ ಬಂದಾಗಿತ್ತು. ಹೆಣ್ಣಿನ ಕಡೆಯಿಂದ ಮಾತಾಡಬೇಕಾದ ಕಾಕಾ ಮಾತ್ರ ಇಲ್ಲ. ನಮ್ಮಪ್ಪ ಹುಡುಕಿಕೊಂಡು ಹೋದರೆ, ಬೀಗರ ಬಚ್ಚಲಲ್ಲಿ ಧೋತರ ಮೇಲೆ ಕಟ್ಟಿಕೊಂಡು ನಳ ಬಿಚ್ಚಿ ಕುಳಿತಿದ್ದಾರೆ! ಅಪ್ಪನ ಮುಖ ಕಪ್ಪಿಟ್ಟಿತು. ಸಂಬಂಧ ಮುರಿದೇ ಹೋಯಿತೆಂದು ನಮ್ಮವ್ವ ಒಳಗೆ ಕಣ್ಣೀರು ತೆಗೆದಳು. ಆದರೆ ನನ್ನ ಮಾವನವರು ಬಂದು ನಳದ ಬಾಯಿಗೆ ಕೈಯೊಡ್ಡಿ ನೋಡಿದರು. ಒಂದು ಹನಿ ಇಲ್ಲ.

“ಎರಡು ವರ್ಷದಿಂದ ಸೋರಾಕತ್ತಿತ್ರಿ ಇದು,” ಎಂದರು. “ಇನ್ನ ಮಾತೇನದ? ಹುಡುಗಿ ನಮ್ಮಾಕಿ.”

ನನ್ನ ಬಿ.ಎಡ್., ನನ್ನ ನೌಕರಿ, ನಾನು ಹಿಂದಿನ ದಿನದಿಂದ ಕಷ್ಟಪಟ್ಟು ಮಾಡಿದ್ದ ಕರದಂಟು, ಯಾವುದನ್ನೂ ಯಾರೂ ಕೇಳಲಿಲ್ಲ. ನನ್ನ ಮದುವೆ ನಿಂತಿರುವುದು ಒಂದು ರಬ್ಬರ್ ವಾಷರಿನ ಮೇಲೆ!

ಇಂಥ ಮನುಷ್ಯನ ಮನೆಯ ನಳಗಳು ಹೇಗಿರಬೇಕು ಹೇಳಿ? ಒಂದೂ ಸೋರುತ್ತಿರಲಿಲ್ಲ. ಸೋರುವುದಿರಲಿ, ಅವು ಬೇರೆ ಯಾರಿಗೂ ತೆರೆಯುತ್ತಲೇ ಇರಲಿಲ್ಲ. ಮೂವತ್ತು ವರ್ಷ ವಾಲ್ವ್ ತಿರುವಿದ ಕೈ ಅಡಿಗೆಮನೆಯ ಹಿತ್ತಾಳೆ ನಳವನ್ನು ಬಂದ್ ಮಾಡಿತೆಂದರೆ, ಮತ್ತೆ ತೆರೆಯಲು ನಮಗೆ ಎರಡೂ ಕೈ ಬೇಕು, ಹಲ್ಲು ಕಚ್ಚಬೇಕು. ಆ ನಳವನ್ನು ಒಂದೇ ಕೈಯಲ್ಲಿ ತಿರುವುತ್ತಿದ್ದವಳು ಚಿಗವ್ವ ಒಬ್ಬಳೇ.

ಕಾಕಾನ ಹೆಂಡತಿಯಾದ ನಮ್ಮ ಚಿಗವ್ವ ಮಾತು ಕಡಿಮೆಯವಳು. ಮನೆಯಲ್ಲಿ ಮಾತಿನ ಖಾತೆ ಪೂರ್ತಿ ಕಾಕಾನದು, ಅವಳದು ಅಡಿಗೆಮನೆ. ಹೋದ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ಕಾಲು ಎರಡು ತಿಂಗಳಿಗೆ ಸರಿಯಾಯಿತು, ಮಾತೂ ನೆಟ್ಟಗಾಯಿತು. ಬಲಗೈ ಮಾತ್ರ ಹಿಂದೆ ಉಳಿಯಿತು. ಬೆರಳು ಮಡಚುತ್ತವೆ, ಆದರೆ ನಿಧಾನ. ಹಿಡಿದದ್ದು ಹಿಡಿತದಲ್ಲಿ ನಿಲ್ಲುವುದಿಲ್ಲ. ಆದರೂ ಎಡಗೈಯಲ್ಲಿ ಸಾರು ತಿರುವಲು ಕಲಿತಳು, ಪಲ್ಯ ಒಗ್ಗರಣೆ ಹಾಕಲು ಕಲಿತಳು. ಸೋತದ್ದು ನಳದ ಮುಂದೆ. ಎಡಗೈಯಲ್ಲಿ ಪಾತ್ರೆ ಹಿಡಿದರೆ ನಳ ತಿರುವಲು ಬಲಗೈ ಒಲ್ಲೆ ಎನ್ನುತ್ತಿತ್ತು.

ಹಾಗಾಗಿ ಕರೆಯಬೇಕು. ಒಂದು ಸೌಟು ತೊಳೆಯಲು ಕರೆಯಬೇಕು, ಮೆಂತ್ಯದ ಸೊಪ್ಪು ತೊಳೆಯಲು ಕರೆಯಬೇಕು. ಕಾಕಾಗಂತೂ ಇದು ಮರಳಿ ನೌಕರಿಗೆ ಸೇರಿದ ಹಾಗೆ. ಪಡಸಾಲೆಯಿಂದ ಉತ್ಸಾಹದಲ್ಲಿ ಓಡಿ ಬರುವರು, ನೀರು ಬಿಡುವರು, ಬಂದ್ ಮಾಡುವರು, ಮಧ್ಯದಲ್ಲಿ ಹುಣಸಗಿಯ ಕಡೆ ಕಾಲುವೆಗೆ ನೀರು ಬಿಟ್ಟ ಸುದ್ದಿಯನ್ನೂ ಹೇಳುವರು. ಚಿಗವ್ವ ತಲೆ ತಗ್ಗಿಸಿ ಸೌಟು ತೊಳೆಯುತ್ತಿದ್ದಳು.

ನಾನು ಶಹಾಪುರದಲ್ಲಿ ಹೈಸ್ಕೂಲಿನ ಶಿಕ್ಷಕಿ. ರವಿವಾರ ಅವರ ಮನೆಗೆ ಹೋಗಿಬರುವ ರೂಢಿ. ಒಂದು ರವಿವಾರ ಹೋದರೆ ಚಿಗವ್ವ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದಳು, ಅಡಿಗೆಮನೆಯಲ್ಲಿ ಕಾಕಾ ಇದ್ದರು. ಅವರು ಮಾಡಿದ ಬೇಳೆಯಲ್ಲಿ ಬೇಳೆ ತಳಕ್ಕಿತ್ತು, ನೀರು ಮೇಲಕ್ಕಿತ್ತು. ನೀರು ಬಿಡುವವರ ಅಡಿಗೆ! ಏನಾಯಿತೆಂದು ಚಿಗವ್ವನನ್ನು ಕೇಳಿದೆ. ಇನ್ನು ತಾನು ಒಳಗೆ ಹೋಗುವುದಿಲ್ಲ, ಅಡಿಗೆಗೆ ಯಾರನ್ನಾದರೂ ಇಟ್ಟುಕೊಳ್ಳಿ ಎಂದಳು.

“ಇಷ್ಟು ವರ್ಷದಾಗ ಅವರನ್ನ ಒಂದು ತಂಬಗಿ ನೀರು ಕೇಳಿದಾಕಿ ಅಲ್ಲ ನಾ,” ಎಂದಳು. “ಈಗ ಕೈ ತೊಕ್ಕೋಬೇಕಂದ್ರ ಕೂಗಬೇಕು. ಬ್ಯಾಡವಾ, ಸಾಕಾಗ್ಯದ.”

ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಕಾಕಾಗೆ ಈ ಮಾತು ಕೇಳಿಸಿತು. ತಟ್ಟೆ ಅಲ್ಲೇ ಕಟ್ಟೆಯ ಮೇಲಿಟ್ಟು ಹಿತ್ತಲಿಗೆ ಹೋದರು. 

ಮುಂದಿನ ವಾರ ಚಿಗವ್ವನ ಕೈಗೆ ವ್ಯಾಯಾಮ ಮಾಡಿಸಲು ಕಲಬುರಗಿಯ ಆಸ್ಪತ್ರೆಗೆ ಹೋಗಿದ್ದೆವು. ಅಲ್ಲಿ ಕೈ ತೊಳೆಯುವ ಜಾಗದಲ್ಲಿ ಒಂದು ನಳ. ತಿರುವಲು ಏನೂ ಇಲ್ಲ. ಕೈ ಕೆಳಗೆ ಹಿಡಿದರೆ ನೀರು ಬರುತ್ತದೆ, ತೆಗೆದರೆ ನಿಲ್ಲುತ್ತದೆ. ಕಾಕಾ ಕೈ ಹಿಡಿದರು, ತೆಗೆದರು. ಹಿಡಿದರು, ತೆಗೆದರು. ಬಗ್ಗಿ ಅದರ ಮೂತಿಯೊಳಗೆ ನೋಡಿದರು. ಹಿಂದೆ ಸಾಲು ಬೆಳೆಯಿತು. ಕಡೆಗೆ ವಾಚ್‌ಮನ್ ಬಂದು, ಯಜಮಾನರೇ ನಿಮ್ಮ ಕೈ ಇನ್ನೂ ಸ್ವಚ್ಛ ಆಗಿಲ್ಲವೇ ಎಂದು ವಿಚಾರಿಸಿದ.

ಅಲ್ಲಿಂದ ಶುರುವಾಯಿತು ನೋಡಿ. ಹೆಣ್ಣು ನೋಡುವುದಕ್ಕೂ ಮನುಷ್ಯರು ಅಷ್ಟು ತಿರುಗುವುದಿಲ್ಲ. ಸುರಪುರದ ಅಂಗಡಿಯವರು, ಅಂಥದ್ದು ನಮ್ಮ ಕಡೆ ಇಲ್ಲ, ಇಂಥದ್ದು ತಗೊಳ್ಳಿ ಎಂದು ಬೆರಳಿನಿಂದ ಎತ್ತುವ ಉದ್ದ ಹಿಡಿಕೆಯ ನಳ ತೋರಿಸಿದರು. ಅದೇ ಸಾಕಲ್ಲ ಕಾಕಾ ಎಂದೆ ನಾನೂ. ಅವರು ನನ್ನ ಎಡಗೈಗೆ ಒಂದು ಪಾತ್ರೆ ಕೊಟ್ಟು, ಬಲಗೈ ಬೆನ್ನ ಹಿಂದೆ ಕಟ್ಟಿಕೊಂಡು ಈಗ ಎತ್ತು ಎಂದರು. ನಾನು ಪಾತ್ರೆಯನ್ನು ಅವರಿಗೇ ತಿರುಗಿ ಕೊಟ್ಟೆ.

ಶಹಾಪುರದಲ್ಲಿ ಒಂದು ಸಿಕ್ಕಿತು. ಆದರೆ ಕೈ ತೆಗೆದ ಮೇಲೂ ಅದು ಐದು ಎಣಿಸುವಷ್ಟು ಹೊತ್ತು ನೀರು ಸುರಿಸುತ್ತಿತ್ತು. ಈ ನೀರು ಯಾರ ಕೈಗೆ ಎಂದು ಕಾಕಾ ಕೇಳಿದರು. ಅಂಗಡಿಯವರು ನಳವನ್ನು ಮತ್ತೆ ಡಬ್ಬಿಗೆ ಹಾಕಿದರು. ಮೊಬೈಲಿನಲ್ಲಿ ನೋಡೋಣ ಎಂದೆ. ನಾನು ಒಂದೊಂದಾಗಿ ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಒಬ್ಬರು ಐದು ನಕ್ಷತ್ರ ಕೊಟ್ಟು ಬಹಳ ಚಂದ ಇದೆ ಎಂದು ಬರೆದಿದ್ದರು. ಕಾಕಾ ಕಣ್ಣು ತೆರೆದು, ಇವರು ಯಾವ ಊರಿನವರು, ಅವರ ಮನೆಯ ನೀರಿನ ಟಾಕಿ ಎಷ್ಟು ಎತ್ತರದ್ದು, ಸವಳು ನೀರೋ ಸಿಹಿ ನೀರೋ ಎಂದು ಕೇಳಿದರು. ಇದನ್ನು ನಕ್ಷತ್ರ ಕೊಟ್ಟವರು ಬರೆದಿರಲಿಲ್ಲ. ಮೊಬೈಲು ಚೀಲಕ್ಕೆ ಹೋಯಿತು.

ಉಳಿದದ್ದು ಯಾದಗಿರಿ. ಅಲ್ಲಿ ದೊಡ್ಡ ಅಂಗಡಿಯೊಂದರಲ್ಲಿ ನೀರು ಬರುವ ಹಾಗೆ ಜೋಡಿಸಿಟ್ಟು ತೋರಿಸುತ್ತಾರೆ ಎಂದು ಯಾರೋ ಹೇಳಿದ್ದರು. ಕಾಕಾ ಒಂದು ಅರಿವೆಯ ಗಂಟಿನಲ್ಲಿ ಜೋಳದ ಹಿಟ್ಟು ಕಟ್ಟಿಕೊಂಡರು. ಹಿಟ್ಟು ಮೆತ್ತಿದ ಕೈಗೆ ನೀರು ಬರುತ್ತದೋ ಇಲ್ಲವೋ ನೋಡಬೇಕಲ್ಲ! ಜೊತೆಗೆ ಮನೆಯ ಸ್ಟೀಲಿನ ಕೊಡ. ಬಸ್ಸಿನಲ್ಲಿ ಆ ಕೊಡ ಅವರ ತೊಡೆಯ ಮೇಲೆ ಕೂತಿತು. ಹೆಣ್ಣು ನೋಡಲು ಹೊರಟಿದ್ದ ಒಂದು ಕುಟುಂಬ ಖಾಲಿ ಕೊಡ ಎದುರಿಗೆ ಬಂತೆಂದು ಎದ್ದು ಹಿಂದಿನ ಸೀಟಿಗೆ ಹೋಯಿತು. ಇದರಲ್ಲಿ ಏನಿದೆ ಎಂದು ಕಂಡಕ್ಟರ್ ಕೇಳಿದ. ಏನಿಲ್ಲ ಎಂದರು. ಮತ್ತೆ ಖಾಲಿ ಕೊಡ ಎಲ್ಲಿಗೆ ಒಯ್ಯುತ್ತೀರಿ ಎಂದ. ನಳ ನೋಡಲು ಎಂದರು. ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಕಿಟಕಿಯಿಂದ ಹೊರಗೆ ನೋಡಿದೆ.

ಅಂಗಡಿಯ ಮಾಲೀಕ ವಯಸ್ಸಿನಲ್ಲಿ ಸಣ್ಣವನು, ತಾಳ್ಮೆಯಲ್ಲಿ ದೊಡ್ಡವನು. ಕಾಕಾ ಕೈಗೆ ಹಿಟ್ಟು ಮೆತ್ತಿಕೊಂಡಾಗಲೂ ನಗಲಿಲ್ಲ, ಕೊಡ ಇಟ್ಟು ತುಂಬಿಸಿದಾಗಲೂ ನಗಲಿಲ್ಲ. ಐದಾರು ನಳ ನೋಡಿದ್ದಾಯಿತು. ಒಂದರದು ಮೂತಿ ಗಿಡ್ಡ, ಒಂದಕ್ಕೆ ಕರೆಂಟು ಬೇಕು, ಒಂದಕ್ಕೆ ಟಾಕಿ ಇನ್ನೂ ಎತ್ತರ ಇರಬೇಕು. ಒಂದು ಗಂಟೆಯಾದ ಮೇಲೆ ಅವನೇ ಮೆಲ್ಲಗೆ ಕೇಳಿದ.

“ಚಾಚಾ, ಇದು ಯಾರ ಸಲುವಾಗಿ?”

“ನಮ್ಮ ಮನಿಯಾಕಿ ಸಲುವಾಗಿ. ಕೈಗಿ ಲಕ್ವಾ ಹೊಡದದ.”

“ಹಂಗಾದ್ರ ನಿಮ್ಮ ಕೈಲೆ ಯಾಕ ನೋಡಾಕತ್ತೀರಿ? ಅವರನ್ನ ಕರ್ಕೊಂಡು ಬರ್ರಿ.”

ಊರಿಗೆಲ್ಲ ನೀರಿನ ಪಾಠ ಹೇಳಿದ ಮನುಷ್ಯ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ನಿಂತುಬಿಟ್ಟರು. ಇದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ!

ಚಿಗವ್ವ ಸುಲಭಕ್ಕೆ ಒಪ್ಪಲಿಲ್ಲ. ಒಂದು ನಳಕ್ಕಾಗಿ ಯಾದಗಿರಿಯವರೆಗೆ ಹೋಗುವುದನ್ನು ಯಾರಾದರೂ ಕೇಳಿದರೆ ಏನಂದಾರು ಎಂದಳು. ಈಗಾಗಲೇ ಕೇಳಿ ಆಗಿದೆ, ಕಂಡಕ್ಟರ್ ಕೂಡ ಕೇಳಿದ ಎಂದು ನಾನು ಹೇಳಿದ ಮೇಲೆ ಸಣ್ಣಗೆ ನಕ್ಕಳು. ಆ ನಗೆಯ ಮೇಲೆ ಮುಂದಿನ ರವಿವಾರ ಹೊರಟೆವು. ಈ ಸಲ ಕೊಡಕ್ಕೆ ಬಿಡುವು ಕೊಟ್ಟಿದ್ದೆವು.

ಅಂಗಡಿಯಲ್ಲಿ ಕಾಕಾ ಒಂದೊಂದು ನಳದ ಜಾತಕ ಓದತೊಡಗಿದರು. ಚಿಗವ್ವ ಅದನ್ನು ಕೇಳಿಸಿಕೊಳ್ಳದೆ, ಸೆರಗಿನ ಕೆಳಗೆ ಮುಚ್ಚಿಟ್ಟುಕೊಂಡಿದ್ದ ಬಲಗೈಯನ್ನು ಹೊರಗೆ ತೆಗೆದು ಮೊದಲನೆಯದರ ಕೆಳಗೆ ಹಿಡಿದಳು. ನೀರು ಬರಲಿಲ್ಲ. ಕೈ ಸ್ವಲ್ಪ ಎತ್ತರಕ್ಕೆ ಹಿಡಿಯಬೇಕಿತ್ತು, ಅವಳ ಕೈ ಅಷ್ಟು ಎತ್ತರಕ್ಕೆ ಬೇಗ ಏಳುವುದಿಲ್ಲ. ಅವಳ ಮುಖ ನೋಡಿ ನನಗೆ ಯಾಕಾದರೂ ಕರೆತಂದೆವೋ ಎನ್ನಿಸಿತು. ಎರಡನೆಯದಕ್ಕೂ ಬರಲಿಲ್ಲ. ಮಾಲೀಕ ಮೂಲೆಯಲ್ಲಿದ್ದ ಇನ್ನೊಂದರ ಕಡೆ ಕೈ ತೋರಿಸಿದ. ಕೈ ಬಂದದ್ದನ್ನು ಗುರುತಿಸುವ ಅದರ ಕಣ್ಣು ಮೂತಿಯಲ್ಲಿರಲಿಲ್ಲ, ಕೆಳಗೆ ಬುಡದಲ್ಲಿತ್ತು. ಚಿಗವ್ವ ಮಡಚಿದ ಬೆರಳುಗಳ ಕೈಯನ್ನು ಸಿಂಕಿನೊಳಗೆ ತಂದಳು. ನೀರು ಬಂತು. ಕೈ ತೆಗೆದಳು, ನಿಂತಿತು. ಮತ್ತೆ ಹಿಡಿದಳು. ಬೆರಳುಗಳ ಮೇಲೆ ನೀರು ಹರಿಯುವುದನ್ನು ನೋಡುತ್ತ ನಿಂತಳು.

“ಇದು ಸಾಕು,” ಎಂದಳು.

ಕಾಕಾ ತಕರಾರು ತೆಗೆದರು. ಇದರ ಮೂತಿ ಗಿಡ್ಡ, ಕೆಳಗೆ ಕೊಡ ಹಿಡಿಯುವುದಿಲ್ಲ, ಕೊಡ ತುಂಬುವುದು ಹೇಗೆ ಎಂದರು.

“ಕೊಡ ನೀವು ಹಿತ್ತಲ ನಳದಾಗ ತುಂಬ್ರಿ. ಕೈ ನಾ ಇದರಾಗ ತೊಕ್ಕೋತೀನಿ.”

ಎರಡು ತಿಂಗಳ ಸಂಶೋಧನೆ ಎರಡು ಮಾತಿನಲ್ಲಿ ಮುಗಿಯಿತು.

ಜೋಡಿಸುವ ಕೆಲಸಕ್ಕೆ ಪ್ಲಂಬರನ್ನು ಕರೆಯುವುದೆಂದರೆ ಕಾಕಾಗೆ ಅವಮಾನ. ನಾನು ಇಂಗ್ಲಿಷಿನ ಕಾಗದ ಓದಿ ಹೇಳುತ್ತಾ ಹೋದೆ, ಅವರು ಅದರಲ್ಲಿ ತಪ್ಪು ಹುಡುಕುತ್ತಾ ಹೋದರು. ಸವಳು ನೀರಿನ ಹರಳು ತಡೆಯಲೆಂದು ಜಾಳಿಗೆ ಕೂರಿಸಿದರು, ಬ್ಯಾಟರಿ ಹಾಕಿದರು. ಹಾಕಿದ ಕೂಡಲೇ ನೀರು ಸುರಿಯತೊಡಗಿತು, ನಿಲ್ಲಲೇ ಇಲ್ಲ. ಸಿಂಕಿನೊಳಗೆ ಯಾರ ಕೈಯೂ ಇಲ್ಲ! ಕಾಕಾ ನನ್ನನ್ನು ಎರಡು ಹೆಜ್ಜೆ ಹಿಂದೆ ಸರಿಸಿದರು, ಬಾಗಿಲಿನ ಹೊರಗೂ ಕಳಿಸಿದರು. ನೀರು ಹರಿಯುತ್ತಲೇ ಇತ್ತು. ಕಡೆಗೆ ಚಿಗವ್ವ ಬಂದು, ನಳದ ಕಣ್ಣಿನ ಎದುರಿಗೇ ಒರಗಿಸಿಟ್ಟಿದ್ದ, ಹಿಟ್ಟು ನಾದುವ ಹೊಳೆಯುವ ಸ್ಟೀಲಿನ ಪರಾತವನ್ನು ಪಕ್ಕಕ್ಕೆ ತೆಗೆದಳು. ನೀರು ನಿಂತಿತು.

ಆಮೇಲೆ ಅವಳು ನಮ್ಮಿಬ್ಬರನ್ನೂ ಹೊರಗೆ ಕಳಿಸಿದಳು. ಕಾಕಾ ಪಡಸಾಲೆಯಲ್ಲಿ ಪಾನಾ ಹಿಡಿದು ಕೂತರು. ಒಳಗೆ ನೀರು ಬರುವ ಸಪ್ಪಳ, ನಿಲ್ಲುವ ಸಪ್ಪಳ. ಪಾತ್ರೆ ತೊಳೆದಳು, ಕೊತ್ತಂಬರಿ ತೊಳೆದಳು, ಚಹಾಕ್ಕೆ ಇಟ್ಟಳು. ಯಾರನ್ನೂ ಕರೆಯಲಿಲ್ಲ. ಪ್ರತಿ ಸಪ್ಪಳಕ್ಕೂ ಕಾಕಾ ಏಳುವಂತೆ ಮಾಡಿ ಮತ್ತೆ ಕೂಡುತ್ತಿದ್ದರು. ಚಲೋ ನಡೆಯುತ್ತಿದೆಯಲ್ಲ ಎಂದು ನನ್ನನ್ನು ಕೇಳಿದರು. ಚಲೋ ನಡೆಯುತ್ತಿದೆ ಎಂದೆ. ಹೌದು, ಚಲೋ ನಡೆಯುತ್ತಿದೆ ಎಂದು ತಾವೂ ಹೇಳಿಕೊಂಡರು. ಆ ದನಿಯಲ್ಲಿ ಸಂತೋಷ ಎಷ್ಟಿತ್ತೋ, ಕೆಲಸ ಹೋದವರ ಬೇಸರವೂ ಅಷ್ಟೇ ಇತ್ತು.

ಆಗ ಒಳಗಿನಿಂದ ಚಿಗವ್ವ ಕರೆದಳು. ಕಾಕಾ ಪಾನಾ ಸಮೇತ ಒಂದೇ ಜಿಗಿತಕ್ಕೆ ಎದ್ದರು. ಏನು ಕೆಟ್ಟಿತೋ ಎಂದು ನಾನೂ ಹಿಂದೆಯೇ ಹೋದೆ.

“ಆ ಪಾನಾ ಕೆಳಗಿಡ್ರಿ,” ಎಂದಳು ಚಿಗವ್ವ. “ಕೈ ಕೊಡ್ರಿ ಇಲ್ಲಿ.”

ಬೆಳಗಿನಿಂದ ಪೈಪಿನ ಕೆಳಗೆ ಮಲಗಿ ಕೆಲಸ ಮಾಡಿದ ಕೈ; ಗ್ರೀಸು, ತುಕ್ಕು, ಹಳೆಯ ನಳದ ಕಿಲುಬು ಮೊಣಕೈವರೆಗೆ ಹತ್ತಿತ್ತು. ಆಮೇಲೆ ತೊಳೆದುಕೊಳ್ಳುತ್ತೇನೆ ಎಂದು ಅವರು ಹಿಂದೆ ಸರಿದರು. ಚಿಗವ್ವ ಎಡಗೈಯಲ್ಲಿ ಅವರ ಮಣಿಕಟ್ಟು ಹಿಡಿದು ಸಿಂಕಿನ ಕಡೆ ಎಳೆದಳು. ನೀರು ಬಂತು. ಸಾಬೂನು ಅವಳ ಬಲಗೈಯಿಂದ ಒಮ್ಮೆ ಜಾರಿ ಬಿತ್ತು. ಎತ್ತಿಕೊಡಲು ಹೋದ ನನ್ನನ್ನು ಕಣ್ಣಿನಲ್ಲೇ ತಡೆದಳು. ತಾನೇ ಎತ್ತಿಕೊಂಡಳು. ನಿಧಾನಕ್ಕೆ ಮಡಚುವ ಆ ಬೆರಳುಗಳಿಂದಲೇ ಅವರ ಒಂದೊಂದು ಬೆರಳನ್ನೂ ಉಜ್ಜಿದಳು. ಉಗುರಿನ ಸಂದಿ, ಹೆಬ್ಬೆರಳಿನ ಬುಡ, ಅಂಗೈಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿದ್ದ ಜಡ್ಡು. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಕಾಕಾ ತಲೆ ತಗ್ಗಿಸಿ ನಿಂತಿದ್ದರು. ನಾನು ಒಲೆಯ ಉರಿ ಸಣ್ಣದು ಮಾಡುವ ನೆವದಲ್ಲಿ ಆ ಕಡೆ ತಿರುಗಿದೆ.

“ಇನ್ನೊಂದು ಕೈ,” ಎಂದಳು ಚಿಗವ್ವ.

ಅವರು ಅದನ್ನೂ ಕೊಟ್ಟರು.