ಜೀಪು ದಾರಿಯ ನಟ್ಟನಡುವೆ ಮೊಟ್ಟೆಯಿಟ್ಟ ಟಿಟ್ಟಿಭ ಹಕ್ಕಿ ದಂಪತಿಗಳಿಗೆ

ಮಾನ್ಯರೇ,

ಸರಕಾರಿ ಗುಡ್ಡದ ಏರುದಾರಿಯಲ್ಲಿ ಗೋಡೆ, ಬಾಗಿಲು, ಸಂಕೋಚ ಯಾವುದೂ ಇಲ್ಲದೆ ಸಂಸಾರ ಹೂಡಿರುವ ತಮ್ಮಿಬ್ಬರಿಗೂ, ತಮ್ಮ ಹೊಟ್ಟೆಯಡಿ ಬೆಚ್ಚಗಿರುವ ನಾಲ್ಕು ಮೊಟ್ಟೆಗಳಿಗೂ ಮೋಜಿಗೆ ಗುಡ್ಡ ಹತ್ತುವ ನಮ್ಮ ಜೀಪು ಕೂಟದ ಮುಂಗಾಡಿ ಚಾಲಕನಾದ ನನ್ನ ಸಾದರ ನಮಸ್ಕಾರಗಳು. ಇತ್ತ ನಾವು ಕ್ಷೇಮ. ಅತ್ತ ತಾವು ಕ್ಷೇಮವೆಂಬುದು ತಮ್ಮ ಕಿರುಚಾಟದಿಂದಲೇ ಇಡೀ ಪೇಟೆಗೆ ತಿಳಿಯುತ್ತಿದೆ. ನಾನು ಹಳ್ಳಿ ಶಾಲೆಯಲ್ಲಿ ಓದಿದವನಾದರೂ ಪತ್ರಲೇಖನಕ್ಕೆ ಮೇಷ್ಟ್ರಿಂದ ಬೆನ್ನು ತಟ್ಟಿಸಿಕೊಂಡವನು. ಬೆನ್ನಿಗೆ ಬಿದ್ದ ಉಳಿದ ಏಟುಗಳೆಲ್ಲ ಗಣಿತದವು.

ನನ್ನ ಜೀಪು ಹತ್ತಲಾರದ ಗುಡ್ಡವನ್ನು ಭೂಮಿತಾಯಿ ಇನ್ನೂ ಹೆರಬೇಕಷ್ಟೆ ಎಂದು ಹೇಳಿದರೆ ಜಂಬವೆಂದುಕೊಳ್ಳಬೇಡಿ, ಇದನ್ನು ಬೇರೆ ಯಾರೂ ಹೇಳದ ಕಾರಣ ನಾನೇ ಹೇಳಬೇಕಾಗಿದೆ. ಈ ಹಂಗಾಮಿನಲ್ಲಿ ತಾವೀಗ ಕೂತಿರುವ ಏರನ್ನು ರಿವರ್ಸ್ ಗೇರಿನಲ್ಲಿ ಹತ್ತಿ ತೋರಿಸುತ್ತೇನೆ, ಆಗದಿದ್ದರೆ ಮುಂಗಾಡಿಯ ಸ್ಥಾನವನ್ನೇ ಬಿಟ್ಟುಕೊಡುತ್ತೇನೆ ಎಂದು ಟೈರ್ ಅಂಗಡಿಯ ಮುಂದೆ ನಾನು ಘೋಷಿಸಿದ್ದೆ. ಆ ಸ್ಥಾನದ ಮೇಲೆ ಬಹುದಿನದಿಂದ ಕಣ್ಣಿಟ್ಟಿರುವ ಹಲ್ಲು ಡಾಕ್ಟರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಇರಲಿ. ತಾವು ಬರುವ ಮುಂಚೆ ಇಲ್ಲೊಂದು ಒಪ್ಪಂದವಾಗಿತ್ತು ಎಂಬುದನ್ನು ವಿನಯದಿಂದ ನೆನಪಿಸುತ್ತೇನೆ. ಅರಣ್ಯ ಇಲಾಖೆಯವರು ಪಕ್ಷಿಪ್ರೇಮಿಗಳನ್ನೂ ನಮ್ಮನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, ಗಾಲಿಯೂ ಬದುಕಬೇಕು ರೆಕ್ಕೆಯೂ ಬದುಕಬೇಕು ಎಂದು ಉಪದೇಶಿಸಿ, ಸುಣ್ಣ ಬಳಿದ ಕಲ್ಲುಗಳನ್ನು ನೆಟ್ಟು ಗುಡ್ಡವನ್ನು ಹಂಚಿದರು. ಹುಲ್ಲಿರುವ ಕಡೆ ತಮಗೆ, ಬೋಳು ಏರು ನಮಗೆ. ನೆಲ ಹಾಳಾಗದಿರಲೆಂದು ಮುಂದಿನ ಗಾಡಿಯ ಗಾಲಿಗುರುತಿನ ಮೇಲೇ ಹಿಂದಿನ ಗಾಡಿಗಳೆಲ್ಲ ಬರತಕ್ಕದ್ದು ಎಂಬ ನಿಯಮಕ್ಕೂ ನಾವು ಒಪ್ಪಿದೆವು. ಕೊನೆಗೆ ಎಲ್ಲರೂ ಎದ್ದುನಿಂತು ಕೈಕುಲುಕಿ, ಇಂಥ ಸಮತೋಲನ ಎಲ್ಲೂ ಆಗಿಲ್ಲವೆಂದು ಪರಸ್ಪರ ಹೊಗಳಿಕೊಂಡು ಮನೆಗೆ ಹೋದೆವು. ತಮಗೆ ಹುಲ್ಲು ಬೇಡ, ಮೊಟ್ಟೆಯಿಡಲು ಬೋಳು ಜಲ್ಲಿನೆಲವೇ ಬೇಕು ಎಂಬ ಸಣ್ಣ ಸಂಗತಿ ಮಾತ್ರ ಆ ಮೇಜಿನ ಸುತ್ತ ಯಾರ ಬಾಯಿಂದಲೂ ಬರಲಿಲ್ಲ. ನಮ್ಮ ಗಾಲಿಗಳು ವರ್ಷಗಟ್ಟಲೆ ಕೆರೆದು ಕೆರೆದು ಹುಲ್ಲು ಕಿತ್ತು ಬೋಳಾಗಿಸಿದ ಜಾಗವನ್ನೇ ತಾವು ಆರಿಸಿಕೊಂಡಿರಿ. ಬಾಣಂತಿಕೋಣೆ ಕಟ್ಟಿಕೊಟ್ಟವನು ನಾನೇ ಎಂದಮೇಲೆ, ಹೊಗಳಿಕೆಯಲ್ಲಿ ನನಗೂ ಪಾಲು ಬರಬೇಕಲ್ಲವೇ?

ಇನ್ನು ಹೋದ ಭಾನುವಾರದ ವಿಷಯ. ಹಂಗಾಮಿನ ಮೊದಲ ಏರು. ಮುಂದೆ ನಾನು, ಹಿಂದೆ ಹಲ್ಲು ಡಾಕ್ಟರು, ಅವರ ಹಿಂದೆ ಇಡೀ ಕೂಟ. ಆಗ ತಮ್ಮಲ್ಲಿ ಶ್ರೀಮತಿಯವರು ಜೀಪಿನ ಮುಂದೆ ದೊಪ್ಪನೆ ಬಿದ್ದು, ಮುರಿದ ರೆಕ್ಕೆ ಎಳೆದುಕೊಂಡು, ಈಗಲೋ ಆಗಲೋ ಪ್ರಾಣ ಬಿಡುವವರಂತೆ ಕುಂಟುತ್ತ ಪಕ್ಕಕ್ಕೆ ಹೊರಟರು. ಮೆದು ಹೃದಯದ ನಾನು, ಪಾಪ, ಎತ್ತಿ ದನದ ಆಸ್ಪತ್ರೆಗಾದರೂ ಸೇರಿಸೋಣವೆಂದು ಸ್ಟೇರಿಂಗ್ ತಿರುಗಿಸಿದೆ. ನಿಯಮಪಾಲಕರಾದ ಕೂಟದವರು ನನ್ನ ಗಾಲಿಗುರುತಿನ ಮೇಲೇ, ಒಂದು ಗೇಣೂ ಆಚೀಚೆಯಾಗದಂತೆ, ಸಾಲಾಗಿ ಬಂದು, ಸಾಲಾಗಿಯೇ ಗುಡ್ಡದ ಬುಡದ ಕೆರೆಯಂಚಿನ ಕೆಸರಿಗಿಳಿದರು. ನೆಲವನ್ನು ಇಷ್ಟು ಶಿಸ್ತಿನಿಂದ ಉಳಿಸಿ ಗಾಡಿಗಳನ್ನು ಇಷ್ಟು ಶಿಸ್ತಿನಿಂದ ಹೂತ ಉದಾಹರಣೆ ಇನ್ನೊಂದಿರಲಾರದು. ಶ್ರೀಮತಿಯವರು ಆ ಕ್ಷಣದಲ್ಲೇ ಸಂಪೂರ್ಣ ಗುಣಮುಖರಾಗಿ ನಮ್ಮ ತಲೆಯ ಮೇಲೆ ಹಾರಾಡುತ್ತ ಬಾಯಿಗೆ ಬಂದಂತೆ ಬೈದರು.

ಟ್ರ್ಯಾಕ್ಟರು ತಂದು ನಮ್ಮನ್ನೆಳೆದದ್ದು ನನ್ನ ಅಕ್ಕನ ಮಗಳು, ಇಲಾಖೆಯ ಗಾರ್ಡು. ಚಿಕ್ಕಂದಿನಲ್ಲಿ ತನ್ನನ್ನು ಎತ್ತಿ ಆಡಿಸಿದವನೆಂದೂ ಲೆಕ್ಕಿಸದೆ "ಏನ್ ಮಾವ, ಗುಡ್ಡ ಹತ್ತೋದು ಬಿಟ್ಟು ನಾಟಿ ಮಾಡೋಕೆ ಹೊರಟ್ಯಾ?" ಎಂದವಳು, ಬಂದ ದಾರಿಯಲ್ಲಿ ತಮ್ಮ ಮೊಟ್ಟೆಗಳನ್ನು ಕಂಡದ್ದೇ ತಡ ಮರಿಗಳು ಓಡಾಡುವವರೆಗೆ ಏರುದಾರಿ ಬಂದ್ ಎಂದು ಕೆಂಪು ಹಗ್ಗ ಬಿಗಿದಳು. ನನ್ನ ರಿವರ್ಸ್ ಗೇರಿನ ಪ್ರತಿಜ್ಞೆಯೂ ಆ ಹಗ್ಗದೊಳಗೇ ಸಿಕ್ಕಿಕೊಂಡಿತು. ಹಲ್ಲು ಡಾಕ್ಟರು ಕೆಸರು ಮೆತ್ತಿದ ಮುಖದಲ್ಲೇ ಹಲ್ಲು ಬಿಟ್ಟು "ಮಾತು ಅಂದ್ರೆ ಮಾತು ಕಣ್ರೀ" ಎಂದು ಮುಂಗಾಡಿಯ ಬಾವುಟವನ್ನು ನನ್ನ ಬಾನೆಟ್ಟಿನಿಂದ ಕಿತ್ತುಕೊಂಡರು. ನನ್ನ ಹೆಂಡತಿಯಂತೂ ತಮ್ಮ ಪರವಾಗಿದ್ದಾಳೆ. "ಹೆಂಗಸು ಕುಂಟಿದ್ದನ್ನ ನೀವು ನೋಡಿದ್ದು ಇದೇ ಮೊದಲು, ಅದೂ ಹಕ್ಕಿ!" ಎಂದಳು, ಅವಳ ಮಂಡಿನೋವಿಗೂ ಇದಕ್ಕೂ ಏನು ಸಂಬಂಧವೋ ತಿಳಿಯದು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು. ಮರಿಗಳಿಗೆ ಮೊಟ್ಟೆಯೊಳಗೇ ಓಡಲು ಕಲಿಸಿ ಹೊರಗೆ ಕಳಿಸಬೇಕು. ಸಾಧ್ಯವಾಗದಿದ್ದರೆ, ಮುಂದಿನ ಸಲ ಇಲಾಖೆಯವರು ಸಭೆ ಕರೆದಾಗ ತಾವೇ ಖುದ್ದಾಗಿ ಹಾಜರಾಗಿ ಮೇಜಿನ ಮೇಲೆ ನಿಂತು, ನಮಗೆ ಬೈದ ಹಾಗೆಯೇ ಅವರಿಗೂ ಬೈಯಬೇಕು. ಅದೂ ಆಗದಿದ್ದರೆ, ಕಲ್ಲಿಗೆ ಸುಣ್ಣ ಬಳಿಯುವ ಮುಂಚೆ ಯಾರು ಎಲ್ಲಿ ಮೊಟ್ಟೆಯಿಡುತ್ತಾರೆಂದು ಗುಡ್ಡದ ಮೇಲೊಮ್ಮೆ ನಡೆದು ನೋಡುವ ಬುದ್ಧಿಯನ್ನು ನಮ್ಮೆಲ್ಲರಿಗೂ ಕೊಡಬೇಕು. ಇದು ಎಲ್ಲಕ್ಕಿಂತ ಕಷ್ಟದ ಬೇಡಿಕೆಯೆಂದು ಬಲ್ಲೆ.

ಕೆಸರು ತೊಳೆದುಕೊಂಡರೂ ಗೌರವ ಬಿಡದ,
ತಮ್ಮ ವಿಶ್ವಾಸಿ,
ಜೀಪು ಮಾವ
(ಮಾಜಿ ಮುಂಗಾಡಿ ಚಾಲಕ)

ವಿ.ಸೂ.: ನಾಟಕದ ಬಗ್ಗೆ ಒಂದು ಮಾತು. ಮೊದಲು ಮುರಿದದ್ದು ಶ್ರೀಮತಿಯವರ ಎಡರೆಕ್ಕೆ. ತಿರುವಿನ ನಂತರ ಎಳೆದದ್ದು ಬಲರೆಕ್ಕೆ. ಇದನ್ನು ಕಂಡವನು ನಾನೊಬ್ಬನೇ, ಕೆಸರಿಗಿಂತ ಬಹಳ ಮುಂಚೆ. ದಾರಿಯ ಜಲ್ಲಿಯಲ್ಲಿ ನಾಲ್ಕು ಕಲ್ಲುಗಳು ಮಾತ್ರ ತೀರಾ ನುಣುಪಾಗಿದ್ದುದನ್ನಂತೂ ಸ್ಟೇರಿಂಗ್ ತಿರುಗಿಸುವ ಮುಂಚೆಯೇ ಕಂಡಿದ್ದೆ. ಮುಂದಿನ ಸಲ ದಯವಿಟ್ಟು ಒಂದೇ ರೆಕ್ಕೆ ಮುರಿದುಕೊಳ್ಳಿ. ಈಗ ಮುಂಗಾಡಿಯಲ್ಲಿರುವುದು ಹಲ್ಲು ಡಾಕ್ಟರು. ಅವರು ನನ್ನಷ್ಟು ಸುಲಭವಾಗಿ ಮೋಸಹೋಗುವವರಲ್ಲ.